ಮಡಿಸುವ ಕೈ

ಹೊಳೆ ದಂಡೆಯ ಆಶ್ರಮಕ್ಕೆ ಶಾಂಭವಿ ಬಂದಾಗ ಗುರು ನಿರ್ವಾಣಯ್ಯ ಮುತ್ತುಗದ ಎಲೆಯಲ್ಲಿ ದೊನ್ನೆ ಮಾಡುತ್ತ ಕುಳಿತಿದ್ದರು. ಅವಳಿಗೆ ಅಕ್ಷರ ಕಲಿಸಿದವರು ಅವರೇ. ಈಗ ಅವಳು ಪ್ರಯೋಗಾಲಯದಲ್ಲಿ ಕ್ಯಾನ್ಸರಿನ ಬೇರು ಹುಡುಕುವವಳು.

"ಬುದ್ಧಿ, ಅಕ್ಕನಿಗೆ ಕ್ಯಾನ್ಸರ್ ಗಡ್ಡೆ. ಹೊಸ ಔಷಧಿಯ ಪರೀಕ್ಷೆಗೆ ಸೇರ್ತೀರಾ ಅಂತ ಡಾಕ್ಟರು ಕೇಳಿದ್ದಾರೆ. ಅಕ್ಕ ನನ್ನ ಬಾಯಿ ನೋಡ್ತಾ ಕೂತಿದ್ದಾಳೆ. ಸಂಜೆಯೊಳಗೆ ಹೇಳಬೇಕು."

"ನಿನಗೇನು ಅಡ್ಡಿ?"

"ಜೀವಕೋಶದಲ್ಲಿ ಪ್ರೋಟೀನು ದಾರದ ಹಾಗೆ ಹುಟ್ಟುತ್ತೆ. ಸರಿಯಾಗಿ ಮಡಿಸಿದರೇ ಕೆಲಸಕ್ಕೆ ಬರೋದು. ಮಡಿಸೋಕೆ ಒಂದು ಕಿಣ್ವ ಇದೆ. ಬೆಳೆಯೋ ಅವಸರದಲ್ಲಿ ಗಡ್ಡೆ ಅದನ್ನ ಕತ್ತೆ ಥರ ದುಡಿಸಿಕೊಳ್ಳುತ್ತೆ. ಈ ಔಷಧಿ ಆ ಕಿಣ್ವದ ಕೈ ಹಿಡಿದು ತಡೆಯುತ್ತೆ."

"ಹಿಡೀಲಿ."

"ಒಳ್ಳೆ ಕೋಶಗಳಿಗೂ ಅದೇ ಬೇಕಲ್ಲ, ಬುದ್ಧಿ! ಗಡ್ಡೆ ಯಾವುದು, ಗುಂಡಿಗೆ ಯಾವುದು, ಕಿಣ್ವಕ್ಕೇನು ಗೊತ್ತು? ಕೊಟ್ಟದ್ದನ್ನು ಮಡಿಸುತ್ತೆ."

ಗುರುಗಳು ಎಲೆಯ ರಾಶಿಯನ್ನು ಅವಳತ್ತ ತಳ್ಳಿದರು.

"ಕೂತು ದೊನ್ನೆ ಮಾಡು."

ಆಗಷ್ಟೇ ದೋಣಿಯಿಂದ ಇಳಿದ ಮದುವೆ ದಿಬ್ಬಣವೊಂದು ಪಾನಕದ ಹಂಡೆಯನ್ನು ಮುತ್ತಿತ್ತು. ಆಶ್ರಮದವರ ಪದ್ಧತಿ ಬೇರೆ. ಒಬ್ಬರಿಗೊಂದು ದೊನ್ನೆ; ತೊಳೆದು ಮತ್ತೆ ಅದನ್ನೇ ಹಿಡಿಯಬೇಕು. ದಿಬ್ಬಣದವರೋ ಗುಟುಕಿಗೊಂದು ದೊನ್ನೆ ಬಿಸಾಡಿದರು. ಶಾಂಭವಿ ಎಲೆ ಮಡಿಸಿ ಕಡ್ಡಿ ಚುಚ್ಚುವುದೇ ತಡ, ಕಿತ್ತುಕೊಂಡರು.

"ಬೇಗ ಕೊಡಮ್ಮಾ! ಎಲೆ ಕೊಯ್ಯೋಕೆ ಕಾಡಿಗೆ ಹೋದೆಯಾ?"

ಶಾಂಭವಿಗೆ ರೇಗಿತು. ಕಡ್ಡಿ ಎಸೆದು ಕೈ ಕಟ್ಟಿ ಕುಳಿತಳು.

"ಯಾರಿಗೂ ಇಲ್ಲ, ಹೋಗಿ!"

ಅಷ್ಟರಲ್ಲಿ ಆಶ್ರಮದ ಹೊನ್ನಜ್ಜಿ ಹಿತ್ತಲಲ್ಲಿ ಕಳೆ ಕಿತ್ತು ಬಂದಳು. ತುಟಿ ಒಣಗಿತ್ತು. ಬರಿಗೈ ಚಾಚಿದಳು.

"ನಾನೇನು ಮಾಡಿದೆನೇ, ತಾಯಿ?"

ಶಾಂಭವಿ ತಲೆ ತಗ್ಗಿಸಿದಳು. "ನನ್ನ ಭಯವೂ ಇದೇ, ಬುದ್ಧಿ."

"ನಿಲ್ಲಿಸು ಅಂದವರಾರು? ನಿಧಾನ ಮಾಡು."

ಅವಳು ಕಡ್ಡಿ ಹೆಕ್ಕಿಕೊಂಡಳು. ಸಾವಕಾಶವಾಗಿ ಮಡಿಸಿದಳು. ಸರದಿಯಲ್ಲಿ ನಿಂತ ಅಜ್ಜಿಗೂ ಒಂದು ದೊನ್ನೆ ಬಂತು. ಕುಡಿದಳು, ತೊಳೆದಳು, ಮತ್ತೆ ಕುಡಿದಳು. ಅವಳಿಗೆ ಅದೊಂದೇ ಸಾಕಾಯಿತು.

ಬಿಸಾಡಿ ರೂಢಿಯಾದವರಿಗೆ ಸಾಕಾಗಲಿಲ್ಲ. ತಳ್ಳಾಡಿದರು. ಬೀಗರು ಬೀಗರನ್ನೇ ಬೈದರು. ಕೊನೆಗೆ ಒಬ್ಬೊಬ್ಬರಾಗಿ ದೋಣಿಯತ್ತ ನಡೆದರು.

ಶಾಂಭವಿ ಕೈಯಲ್ಲಿದ್ದ ಎಲೆಯನ್ನು ಮರೆತು ನೋಡುತ್ತಿದ್ದಳು.

"ಕೊರತೆ ಎಲ್ಲರಿಗೂ ಒಂದೇ, ಬುದ್ಧಿ. ಹೆಚ್ಚು ಬಾಚುವವರಿಗೆ ಮೊದಲು ತಟ್ಟುತ್ತೆ."

"ಹೂಂ."

"ಆದರೂ, ಗೆದ್ದೇ ಗೆಲ್ಲುತ್ತೀಯ ಅಂತ ಅಕ್ಕನಿಗೆ ಹೇಳಲಾರೆ."

"ಹೇಳಬೇಡ. ಸೇರು ಅನ್ನು."

ಅವಳು ಎದ್ದು ಸೆರಗಿನ ಕಸ ಕೊಡವಿದಳು. ಬಂದಾಗ ಮುಖದಲ್ಲಿದ್ದ ದಿಗಿಲು ಈಗ ಇರಲಿಲ್ಲ. ಬಾಗಿಲ ತನಕ ಹೋಗಿ ತಿರುಗಿದಳು.

"ಎಷ್ಟು ನಿಧಾನ ಮಾಡಬೇಕು ಅಂತ ತಿಳಿಯೋದು ಹೇಗೆ, ಬುದ್ಧಿ?"

ಗುರುಗಳು ಮುಂದಿನ ಎಲೆ ಎತ್ತಿಕೊಂಡರು.

"ಅಜ್ಜಿಯ ಮುಖ ನೋಡ್ತಾ ಮಡಿಸು."