ಮಿಂಚುಹುಳು ಬಾರದ ಸಂಜೆ

ಮಕ್ಕಳೇ, ನೆಲ್ಲಿಕೆರೆಯ ದಂಡೆಯಲ್ಲಿ ಒಂದು ದೊಡ್ಡ ಹೊಂಗೆಮರ. ಅದರ ಬೇರುಗಳ ನಡುವಿನ ಬಿಲದಲ್ಲಿ ಕೆಂಚಿ ಎಂಬ ಮುಂಗುಸಿ ತನ್ನ ಮೂರು ಮರಿಗಳೊಂದಿಗೆ ವಾಸವಾಗಿದ್ದಳು. ದೊಡ್ಡವನು ಚುಂಚ, ನಡುವಿನವಳು ಬಾಲಿ, ಎಲ್ಲರಿಗಿಂತ ಚಿಕ್ಕವನು ಪೀಚು.

ಆ ಮನೆಗೆ ಬೆಳಕು ಕೊಡುತ್ತಿದ್ದುದು ಮಿಂಚುಹುಳುಗಳು. ಹೊತ್ತು ಮುಳುಗುತ್ತಲೇ ಗುಂಪಾಗಿ ಬಂದು ಗೋಡೆಗೆಲ್ಲ ಅಂಟಿಕೊಳ್ಳುತ್ತಿದ್ದವು. ಅದಕ್ಕೆ ಪ್ರತಿಯಾಗಿ ಕೆಂಚಿ, ಅವುಗಳನ್ನು ನುಂಗಲು ಹೊಂಚುಹಾಕುವ ಕಪ್ಪೆಗಳನ್ನು ಗದರಿಸಿ ಓಡಿಸುತ್ತಿದ್ದಳು. ಕೆರೆಯ ಸುತ್ತ ಅಷ್ಟು ಬೆಳಕಿನ ಮನೆ ಇನ್ನೊಂದಿರಲಿಲ್ಲ. ಕೆಂಚಿಗೆ ಅದೇ ಹೆಮ್ಮೆ.

ಒಂದು ಮಧ್ಯಾಹ್ನ ಪಕ್ಕದ ಬಂಡೆಯ ಕೆಳಗಿದ್ದ ಆಮೆ ನಿಂಗಜ್ಜಿ ಬಾಯಲ್ಲಿ ಉದ್ದನೆಯ ಅಮೃತಬಳ್ಳಿ ಎಳೆದುಕೊಂಡು ಹೋಗುತ್ತಿದ್ದಳು. ಕೆಂಚಿ ಬಾಗಿಲಲ್ಲಿ ಬಿಸಿಲು ಕಾಯಿಸುತ್ತಾ ಕುಳಿತಿದ್ದಳು.

"ಏನಜ್ಜಿ, ಈ ವಯಸ್ಸಿನಲ್ಲಿ ಇಷ್ಟೊಂದು ಕೆಲಸ?"

ಅಜ್ಜಿ ಬಳ್ಳಿಯನ್ನು ಕೆಳಗಿಟ್ಟಳು. "ಪಡುವಲಲ್ಲಿ ಮೋಡ ನೋಡು ಮಗಳೇ. ಗಾಳಿಮಳೆ ಬಂದರೆ ಮಿಂಚುಹುಳು ಹಾರುವುದಿಲ್ಲ. ಕತ್ತಲಲ್ಲಿ ದಾರಿ ತಪ್ಪದ ಹಾಗೆ ಬಾಗಿಲಿನಿಂದ ಒಳಕೋಣೆಯವರೆಗೂ ಬಳ್ಳಿ ಕಟ್ಟುತ್ತಿದ್ದೇನೆ. ಕುಡಿಯುವ ನೀರು ತುಂಬಿಟ್ಟಾಯಿತು. ನೀನೂ ಹೊಸಿಲಿಗೆ ನಾಲ್ಕು ಹಿಡಿ ಮಣ್ಣು ಹಾಕು, ನೀರು ಒಳಗೆ ನುಗ್ಗೀತು. ಕತ್ತಲಾದರೆ ಎಲ್ಲಿ ಸೇರಬೇಕು ಅಂತ ಮಕ್ಕಳಿಗೆ ಹೇಳಿಕೊಡು."

ಕೆಂಚಿ ನಕ್ಕಳು. "ನಮ್ಮ ಮನೆಗೆ ಬೆಳಕು ತಪ್ಪಿದ್ದು ಯಾವತ್ತಜ್ಜಿ? ಇರಲಿ, ನಾಳೆ ಮಾಡಿದರಾಯಿತು."

ಅಜ್ಜಿ ಬಳ್ಳಿ ಕಚ್ಚಿಕೊಂಡು ಹೊರಟಳು.

ಅಂದೇ ಸಂಜೆ ಗಾಳಿ ಎದ್ದಿತು. ಹೊಂಗೆಯ ಕೊಂಬೆಗಳು ನೆಲ ಮುಟ್ಟುವಂತೆ ಬಾಗಿದವು. ಹಿಂದೆಯೇ ಧೋ ಎಂದು ಮಳೆ. ಮರಿಗಳು ಬಾಗಿಲಲ್ಲಿ ನಿಂತು ಕಾದವು. ಒಂದೇ ಒಂದು ಮಿಂಚುಹುಳುವೂ ಬರಲಿಲ್ಲ.

"ಅಮ್ಮಾ, ಇನ್ನೂ ಯಾಕೆ ಬಂದಿಲ್ಲ?" ಎಂದಳು ಬಾಲಿ.

"ಬರ್ತಾರೆ ಬಿಡು," ಎಂದಳು ಕೆಂಚಿ. ಆದರೆ ಅವಳ ದನಿ ಮೊದಲಿನಂತಿರಲಿಲ್ಲ.

ಅಷ್ಟರಲ್ಲಿ ತಲೆಯ ಮೇಲೆಯೇ ಬಿದ್ದಂತೆ ಗುಡುಗು! ಹೆದರಿದ ಮರಿಗಳು ಒಂದೊಂದು ದಿಕ್ಕಿಗೆ ಓಡಿದವು. ಕೆಂಚಿಯೂ ಓಡಿದಳು, ಬೇರಿಗೆ ಹಣೆ ಬಡಿದುಕೊಂಡು ಬಿದ್ದಳು. ಅದು ಅವಳೇ ತೋಡಿದ ಮನೆ. ಆದರೂ ಆ ಕಗ್ಗತ್ತಲಲ್ಲಿ ಯಾವ ದಾರಿ ಎತ್ತ ಹೋಗುತ್ತದೆ ಎಂದು ತಿಳಿಯಲಿಲ್ಲ. ತಡಕಾಡಿ ತಡಕಾಡಿ ಚುಂಚನನ್ನೂ ಬಾಲಿಯನ್ನೂ ಹಿಡಿದುಕೊಂಡಳು. ಪೀಚು ಸಿಗಲಿಲ್ಲ. ಎಲ್ಲಿಂದಲೋ ಅವನ ಅಳು ಕೇಳುತ್ತಿತ್ತು. ಕಾಲ ಕೆಳಗೆ ತಣ್ಣಗೆ ನೀರು ಹರಿಯುತ್ತಿತ್ತು.

"ಪೀಚೂ! ಪೀಚೂ!" ಮೂವರೂ ಒಟ್ಟಿಗೆ ಕೂಗಿದರು. ಕೂಗು ಗೋಡೆಗಳಿಗೆ ಬಡಿದು ಮರಳಿತು. ಪೀಚುವಿನ ಅಳು ಅದರಲ್ಲೇ ಮುಳುಗಿಹೋಯಿತು.

"ಕೂಗಬೇಡಿ. ಎಲ್ಲರೂ ಸುಮ್ಮನಿರಿ." ಬಾಗಿಲಿನಿಂದ ನಿಂಗಜ್ಜಿಯ ದನಿ ಬಂತು. "ಕತ್ತಲಾದ ಕೂಡಲೇ ಹೊರಟೆ ಕೆಂಚಿ. ನನ್ನ ನಡಿಗೆ ನಿನಗೆ ಗೊತ್ತಲ್ಲ, ತಡವಾಯಿತು. ಮಿಕ್ಕಿದ ಬಳ್ಳಿ ತಂದಿದ್ದೇನೆ, ಸೊಂಟಕ್ಕೆ ಸುತ್ತಿಕೋ. ಈ ತುದಿಯ ಮೇಲೆ ನಾನು ಕೂರುತ್ತೇನೆ, ಜಾರುವುದಿಲ್ಲ."

ಆಮೇಲೆ ಕತ್ತಲೆಗೆ ಮುಖಮಾಡಿ ಮೆಲ್ಲಗೆ ಕರೆದಳು. "ಪೀಚು, ಓಡಬೇಡ ಮಗು. ನಿಂತಲ್ಲೇ ನಿಂತು ಒಂದು ಹಾಡು ಹೇಳು. ಅಮ್ಮ ಬರ್ತಾಳೆ."

ಆಮೇಲೆ ಕೆಳಗಿನ ಕೋಣೆಯಿಂದ ಬಿಕ್ಕುತ್ತಾ ಬಿಕ್ಕುತ್ತಾ ಹಾಡು ಬಂತು. ಅರ್ಧ ಪದಗಳು ತಪ್ಪು. ಕೆಂಚಿ ಆ ಹಾಡನ್ನೇ ಹಿಡಿದು ಇಳಿದಳು. ನೀರು ಮೊಣಕಾಲು ದಾಟಿತು, ಹೊಟ್ಟೆ ಮುಟ್ಟಿತು. ಕೊನೆಗೆ ಮೂಗಿಗೆ ಒದ್ದೆ ತುಪ್ಪಳ ತಾಗಿತು. ಒಂದು ಬೇರಿಗೆ ಜೋತುಬಿದ್ದು, ಕಣ್ಣು ಮುಚ್ಚಿಕೊಂಡು ಪೀಚು ಇನ್ನೂ ಹಾಡುತ್ತಿದ್ದ. ಕೆಂಚಿ ಅವನ ಕುತ್ತಿಗೆಯನ್ನು ಮೆತ್ತಗೆ ಕಚ್ಚಿ ಎತ್ತಿಕೊಂಡಳು. ಬಳ್ಳಿ ಎಳೆದ ದಾರಿಯಲ್ಲೇ ಹೆಜ್ಜೆಯಿಟ್ಟು ಮೇಲೆ ಬಂದಳು.

ಆ ರಾತ್ರಿ ಎಲ್ಲರೂ ಅಜ್ಜಿಯ ಮನೆಯಲ್ಲೇ ಉಳಿದರು. ಅಲ್ಲೂ ಕತ್ತಲೆಯೇ. ಆದರೆ ಅಜ್ಜಿ ಒಂದಿಷ್ಟೂ ತಡಕಾಡದೆ ಒಣಗಿದ ಎಲೆಗಳನ್ನು ಹಾಸಿದಳು, ಸೋರೆಬುರುಡೆಯಿಂದ ನೀರು ಕೊಟ್ಟಳು, ನೇರಳೆಹಣ್ಣು ಹಂಚಿದಳು.

"ಅಜ್ಜಿ, ನಿಮಗೆ ಕತ್ತಲಲ್ಲೂ ಕಣ್ಣು ಕಾಣುತ್ತಾ?" ಎಂದ ಪೀಚು.

"ಇಲ್ಲ ಮಗು. ಯಾವುದು ಎಲ್ಲಿದೆ ಅಂತ ಬೆಳಕಿದ್ದಾಗಲೇ ನೋಡಿಟ್ಟುಕೊಂಡಿದ್ದೆ."

ಕೆಂಚಿ ತಲೆ ತಗ್ಗಿಸಿದಳು. "ಅಜ್ಜಿ, ನೀವು ಹೇಳಿದಾಗ ನಾನು ನಕ್ಕುಬಿಟ್ಟೆ."

"ಈಗ ಮಕ್ಕಳು ಬೆಚ್ಚಗಿದ್ದಾರೆ. ಮಲಗಮ್ಮ," ಎಂದು ಅಜ್ಜಿ ಅವಳ ಹಣೆಯ ಗಾಯಕ್ಕೆ ಸೊಪ್ಪಿನ ರಸ ಹಚ್ಚಿದಳು.

ಬೆಳಗಾಗುತ್ತಲೇ ಕೆಂಚಿ ಕೆಲಸಕ್ಕಿಳಿದಳು. ನೀರು ಬಸಿದುಹೋದ ಮೇಲೆ ಹೊಸಿಲು ಎತ್ತರಿಸಿದಳು. ಮೂಲೆ ಮೂಲೆಗೂ ಬಳ್ಳಿ ಕಟ್ಟಿದಳು. ಕಣ್ಣು ಮುಚ್ಚಿಕೊಂಡು ಬಾಗಿಲು ಸೇರುವುದು ಮರಿಗಳಿಗೆ ಆಟವೇ ಆಗಿಹೋಯಿತು. ಪ್ರತಿ ಸಲವೂ ಪೀಚುವೇ ಮೊದಲು!

ಸಂಜೆ ಮತ್ತೆ ಮೋಡ ಕವಿದು ಮಳೆ ಹಿಡಿಯಿತು. ಮಿಂಚುಹುಳುಗಳ ಹಿರಿಯ ಮಿಣುಕಪ್ಪ ಒದ್ದೆ ರೆಕ್ಕೆಯಲ್ಲಿ ಹೇಗೋ ಹಾರಿ ಬಂದ.

"ತಪ್ಪು ತಿಳಿಯಬೇಡ ಕೆಂಚಮ್ಮ. ನಿನ್ನೆ ಗಾಳಿಗೆ ನಮ್ಮ ಮಕ್ಕಳೆಲ್ಲ ಚೆಲ್ಲಾಪಿಲ್ಲಿ ಆಗಿಬಿಟ್ಟರು. ಇವತ್ತು ಹೇಗಾದರೂ ಮಾಡಿ ನಾಲ್ಕು ಜನರನ್ನಾದರೂ ಕಳಿಸುತ್ತೇನೆ."

ನಡುಗುತ್ತಿದ್ದ ಅವನ ರೆಕ್ಕೆಗಳನ್ನು ಕೆಂಚಿ ನೋಡಿದಳು. ಅವನಿಗೂ ಮಕ್ಕಳಿದ್ದಾರೆ ಎಂಬುದು ಅವಳಿಗೆ ಇಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಬೇಡ ಮಿಣುಕಣ್ಣ," ಎಂದಳು. "ಮಳೆ ನಿಲ್ಲುವವರೆಗೆ ಮಕ್ಕಳನ್ನು ಕರೆದುಕೊಂಡು ಎಲೆಯ ಮರೆಯಲ್ಲಿ ಬೆಚ್ಚಗಿರಿ. ಇವತ್ತೊಂದು ದಿನ ನಾವು ಕತ್ತಲಲ್ಲಿ ಇರಬಲ್ಲೆವು."

ನೀತಿ: ಬೆಳಕು ಇರುವಾಗಲೇ ಕತ್ತಲೆಗೆ ಸಿದ್ಧರಾಗಬೇಕು, ಹಾಗೆ ಸಿದ್ಧರಾದವರು ತಾವೂ ಉಳಿಯುತ್ತಾರೆ, ನೆರೆಯವರಿಗೂ ನೆರವಾಗುತ್ತಾರೆ.