ಹೊಳೆಗೆ ಕೊಟ್ಟ ಕಿವಿ

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳು ಎಲ್ಲಿ ಕೂರುವುದೆಂದು ಇನ್ನೂ ಜಾಗ ಹುಡುಕುತ್ತಿದ್ದವು. ಆಗ ಎಲ್ಲ ಬೆಕ್ಕುಗಳಿಗೂ ಎರಡು ಕಣ್ಣೂ ಜೇನಿನ ಬಣ್ಣ. ಎಲ್ಲಕ್ಕೂ ನೀರೆಂದರೆ ಭಯ.

ಚಾರ್ವಿ, ನಮ್ಮ ಅವಲಕ್ಕಿ ಕರೆದರೂ ತಿರುಗಲಿಲ್ಲ, ಸೊಕ್ಕಿನ ಬೆಕ್ಕು ಅಂತ ಮುಖ ಊದಿಸಿಕೊಂಡಿದ್ದೀಯಲ್ಲ, ಬಾ ಇಲ್ಲಿ. ಈ ಕತೆ ಕೇಳಿ ಆಮೇಲೆ ಬೈಯುವೆಯಂತೆ.

ಆ ಕಾಲದಲ್ಲೂ ಹೊಳೆ ಮಾತಾಡುತ್ತಲೇ ಇತ್ತು. ಕಲ್ಲಿಗೆ ಹೇಳಿತು, ಕಲ್ಲು ಕೇಳಲಿಲ್ಲ. ಜಿಂಕೆಗೆ ಹೇಳಿತು, ಜಿಂಕೆ ನೀರು ಕುಡಿದು ಹೋಯಿತು. ಗಾಳಿಗೆ ಹೇಳಿತು, ಗಾಳಿ ನಿಲ್ಲಲೇ ಇಲ್ಲ.

ದಡದ ಮೇಲೊಂದು ಬಿಳಿ ಬೆಕ್ಕು ಇತ್ತು. "ಇವಳದ್ದು ದಿನಾ ಇದ್ದದ್ದೇ," ಎಂದು ಅದೂ ಮಗ್ಗುಲು ಬದಲಿಸಿ ಮಲಗುತ್ತಿತ್ತು.

ಒಂದು ದಿನ ಅದರ ಮರಿ ಮೀನು ನೋಡುತ್ತ, ಕಲ್ಲಿಂದ ಕಲ್ಲಿಗೆ ಹಾರುತ್ತ, ಹೊಳೆಯ ನಡುವಿನ ಬಂಡೆಗೆ ಹೋಯಿತು. ದೂರದ ಬೆಟ್ಟದಲ್ಲಿ ಮಳೆ ಸುರಿದಿತ್ತು. ನೀರು ಏರಿತು. ಮರಿ ದಾಟಿ ಬಂದ ಕಲ್ಲುಗಳೆಲ್ಲ ಮುಳುಗಿದವು.

"ಅಮ್ಮಾ!"

ಬೆಕ್ಕು ಎದ್ದು ಓಡಿ ಬಂತು. "ಏ ಹೊಳೆ, ನಿಲ್ಲೇ! ನನ್ನ ಮಗು ಅಲ್ಲಿದೆ!"

"ನಿಲ್ಲೋದು ನನಗೆ ಬರಲ್ಲ ಕಣೇ," ಎಂದಿತು ಹೊಳೆ. "ಬೆಳಗಿನಿಂದ ಕೂಗ್ತಾನೇ ಇದ್ದೀನಿ. ದೊಡ್ಡ ನೀರು ಬರ್ತಿದೆ, ಮಗೂನ ಕರ್ಕೋ ಅಂತ. ನೀನು ಕೇಳಿದೆಯಾ?"

ಬೆಕ್ಕಿನ ಮೀಸೆ ಜೋತುಬಿತ್ತು. "ಇಲ್ಲ. ಬರೀ ಗದ್ದಲ ಅಂದ್ಕೊಂಡೆ. ಈಗ ಹೇಳು ತಾಯಿ, ಕೇಳ್ತೀನಿ."

ಹಾಗೆಂದು ನೀರಿಗೆ ಧುಮುಕಿತು. ಎಡಗಿವಿಯನ್ನು ಹೊಳೆಗೆ ಒತ್ತಿ ಹಿಡಿಯಿತು. ಬಲಗಿವಿಯನ್ನು ಮರಿಯ ಕೂಗಿನ ಕಡೆ ನೆಟ್ಟಿತು.

"ಸುಳಿ ಇದೆ, ಬಳಸಿ ಬಾ," ಎಂದಿತು ಹೊಳೆ. ಬೆಕ್ಕು ಬಳಸಿತು.

"ಕಾಲಡಿ ಕಲ್ಲಿದೆ, ಊರಿಕೋ." ಬೆಕ್ಕು ಊರಿಕೊಂಡಿತು.

"ದಿಮ್ಮಿ ಬರ್ತಿದೆ, ತಲೆ ತಗ್ಗಿಸು!" ಬೆಕ್ಕು ತಗ್ಗಿಸಿತು.

"ಅಜ್ಜಿ, ಮರಿ ಬದುಕ್ತಾ?"

ಬದುಕದೇ ಇನ್ನೇನು! ಅವಲಕ್ಕಿಯ ತಾಯಿ ಸುಣ್ಣಿ, ಸುಣ್ಣಿಯ ತಾಯಿ ಮೊಸರಿ, ಮೊಸರಿಯ ತಾಯಿ ಮಲ್ಲಿಗೆ. ಒಂದೊಂದರ ಹೆಸರೂ ನನಗೆ ಬಾಯಿಪಾಠ. ಹಾಗೇ ಹಿಂದೆ ಹೋಗುತ್ತ ಹೋದರೆ ಆ ಬಂಡೆಯ ಮರಿಯೇ ಸಿಗುತ್ತದೆ.

ತಾಯಿ ಮರಿಯ ಕುತ್ತಿಗೆ ಕಚ್ಚಿಕೊಂಡು, ಹೊಳೆ ಹೇಳಿದ ದಾರಿಯಲ್ಲೇ ದಡ ಸೇರಿತು. ಮೈ ಕೊಡವಿಕೊಂಡು ಕೇಳಿತು, "ನಿನಗೇನು ಕೊಡಲಿ?"

ಹೊಳೆ ನಾಚಿತು. "ಏನೂ ಬೇಡ. ಇವತ್ತು ಒಬ್ಬರಾದರೂ ಕೇಳಿದರಲ್ಲ."

"ಹಾಗಾದರೆ ಈ ಒದ್ದೆ ಕಿವಿ ನಿನಗೇ ಇರಲಿ," ಎಂದಿತು ಬೆಕ್ಕು. "ಇನ್ನೊಂದನ್ನು ಮಾತ್ರ ಕೇಳಬೇಡ. ಅದು ನನ್ನ ಮಕ್ಕಳಿಗೆ ಬೇಕು."

ಅಂದಿನಿಂದ ಆ ಕಿವಿಗೆ ಹೊಳೆಯದ್ದು ಬಿಟ್ಟು ಬೇರೆ ಮಾತೇ ಬೀಳಲಿಲ್ಲ. ಆ ಕಡೆಯ ಕಣ್ಣಿನೊಳಗೆ ಹೊಳೆಯ ನೀರು ಹೊಕ್ಕು ಅಲ್ಲೇ ನಿಂತಿತು, ನೀಲಿಯಾಗಿ. ಇನ್ನೊಂದು ಜೇನಿನ ಬಣ್ಣದಲ್ಲೇ ಉಳಿಯಿತು. ಆಮೇಲೆ ಆ ವಂಶದಲ್ಲಿ ಎಲ್ಲೋ ಒಂದು ಮರಿ, ಅಪರೂಪಕ್ಕೆ, ಹಾಗೆ ಹುಟ್ಟುತ್ತದೆ, ನಮ್ಮ ಅವಲಕ್ಕಿ ಹುಟ್ಟಿದ ಹಾಗೆ.

ಅದಕ್ಕೇ ನಲ್ಲಿ ತಿರುಗಿಸಿದರೆ ಅವಲಕ್ಕಿ ಓಡಿ ಬಂದು ಪಂಜ ಒಡ್ಡುವುದು. ನೀಲಿ ಕಣ್ಣಿನ ಕಡೆಯಿಂದ ಹೋಗಿ ತಟಕ್ಕನೆ ಎತ್ತಬೇಡ, ಬೆಚ್ಚಿ ಪರಚುತ್ತದೆ. ಮೊದಲು ಕೈ ತೋರಿಸು. ಮಧ್ಯಾಹ್ನದ ಬಿಸಿಲಿಗೂ ಬಿಡಬೇಡ, ಬಿಳಿ ಕಿವಿಯ ತುದಿ ಸುಡುತ್ತದೆ.

ಈಗ ಎದ್ದು ಜೇನುಗಣ್ಣಿನ ಕಡೆ ಹೋಗಿ ಮೆಲ್ಲಗೆ ಕರೆ ನೋಡೋಣ.

"ಅವಲಕ್ಕೀ... ಅಜ್ಜಿ, ತಿರುಗಿತು! ನನ್ನ ಹತ್ತಿರವೇ ಬಂತು!"

ನೋಡಿದೆಯಾ? ಇನ್ನು ನೀಲಿ ಕಣ್ಣಿನ ಕಡೆಯಿಂದ ಕರೆದಾಗ ಅದು ಕೇಳಿಸಿಕೊಳ್ಳದಿದ್ದರೆ ಸೊಕ್ಕು ಅನ್ನಬೇಡ ಮಗಳೇ. ಆ ಕಡೆ ಹೊಳೆ ಮಾತಾಡುತ್ತಿದೆ.