ಕಾಡಿಗೆ ಬೆರೆಸಿದ ಮೇಣ

“ಗುರುಗಳೇ, ನನ್ನ ಅಣ್ಣ ತೀರಿಹೋಗಿ ಎರಡು ವರ್ಷವಾಯಿತು. ದಿನಾ ಅವನ ಒಳ್ಳೆಯ ಗುಣಗಳನ್ನೇ ಆರಿಸಿ ಆರಿಸಿ ನೆನೆಯುತ್ತೇನೆ. ಆದರೂ ಅವನ ಮುಖ ಕಣ್ಣಿಗೆ ಕಟ್ಟುವುದಿಲ್ಲ. ಏಕೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಬಳೆಗಾರ್ತಿ. ಯಾವ ಕೈಗೆ ಯಾವ ಬಣ್ಣ ಒಪ್ಪುತ್ತದೆ ಎಂದು ದೂರದಿಂದಲೇ ಹೇಳಿಬಿಡುವವಳು. ಅವಳಿಗೆ ಒಬ್ಬಳೇ ಮಗಳು. ಏಳು ತುಂಬುವ ಮೊದಲೇ ಆ ಮಗು ಜ್ವರ ಬಂದು ಹೋಗಿಬಿಟ್ಟಿತು. ದಿನ ಕಳೆದಂತೆ ತಾಯಿಗೆ ಒಂದು ಭಯ ಹಿಡಿಯಿತು. ಮಗಳ ದನಿ ನೆನಪಿದೆ, ಓಡುತ್ತಿದ್ದ ಸದ್ದು ನೆನಪಿದೆ, ಮುಖ ಮಾತ್ರ ಮಾಸುತ್ತಿದೆ. ಅದೂ ಹೋದರೆ ನನಗೇನು ಉಳಿಯಿತು ಎಂದುಕೊಂಡು ಅವಳು ಚಿತ್ರಗಾರನ ಮನೆಗೆ ಹೋದಳು.

ಆ ಚಿತ್ರಗಾರ ಮೇಣದಲ್ಲಿ ಚಿತ್ರ ಬರೆಯುವವನು. ಜೇನುಮೇಣವನ್ನು ಕೆಂಡದ ಮೇಲೆ ಕರಗಿಸಿ, ಬಣ್ಣದ ಪುಡಿ ಕಲಸಿ, ಬಿಸಿ ಆರುವುದರೊಳಗೆ ಹಲಗೆಗೆ ಹಚ್ಚುತ್ತಿದ್ದ. ಆ ಮಗುವನ್ನು ಅವನೂ ಬೀದಿಯಲ್ಲಿ ನೋಡಿದ್ದ. ಕಣ್ಣು, ಮೂಗು, ಹಣೆ ಗೆರೆಯಲ್ಲಿ ಮೂಡಿದವು. ಆಮೇಲೆ ಮುಖದ ಬಣ್ಣಕ್ಕೆಂದು ಕಾವಿಯನ್ನೂ ಮಸಿಯನ್ನೂ ಕೈಗೆತ್ತಿಕೊಂಡ.

ತಾಯಿ ಅವನ ಕೈ ಹಿಡಿದಳು. “ಮಸಿ ಬೇಡ ಕಣಣ್ಣ. ಇದ್ದಷ್ಟು ದಿನ ನೆಂಟರಿಷ್ಟರೆಲ್ಲ ‘ಇದ್ದಲು, ಇದ್ದಲು’ ಅಂತ ಆಡಿಕೊಂಡರು. ಈಗಲಾದರೂ ನನ್ನ ಕೂಸು ಬೆಳ್ಳಗಿರಲಿ. ಅಷ್ಟು ಮಾಡಿಕೊಡು.”

ಚಿತ್ರಗಾರ ಮಸಿಯನ್ನು ಬದಿಗಿಟ್ಟ. ಬಿಳಿಗೆ ಹಳದಿ ಬೆರೆಸಿದ, ಕಾವಿಯನ್ನು ಚಿಟಿಕೆಯಷ್ಟೇ ಹಾಕಿದ. ಹೊನ್ನಿನಂಥ ಬಣ್ಣ ಬಂತು. ಹಚ್ಚಿದ. ಮೇಣ ಆರಿತು. ತಾಯಿ ನೋಡಿದಳು. ಕಣ್ಣು ಮಗಳದೇ, ಮೂಗು ಮಗಳದೇ.

“ಇದು ಯಾರ ಮನೆ ಕೂಸಣ್ಣ?” ಎಂದಳು.

“ಊರವರ ಕೈಗೆಲ್ಲ ಬಣ್ಣ ಆರಿಸಿ ಕೊಡುವವಳು ನೀನು. ನಿನ್ನ ಕೂಸಿನ ಬಣ್ಣ ನೀನೇ ಹೇಳಮ್ಮ” ಎಂದ ಚಿತ್ರಗಾರ.

ಅವಳು ಮನೆಗೆ ಹೋಗಿ, ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದ ಕಾಡಿಗೆಯ ಡಬ್ಬಿ ತಂದಳು. ಚಿತ್ರಗಾರ ಮುಖದ ಮೇಲಿನ ಮೇಣ ಹೆರೆದು ಮತ್ತೆ ಕರಗಿಸಿದ. ಅವಳು ಬೆರಳ ತುದಿಯಲ್ಲಿ ಕಾಡಿಗೆ ತೆಗೆದು ಬಟ್ಟಲಿಗೆ ಹಾಕಿದಳು. ಬಿಸಿಯಲ್ಲಿ ಕಂಡ ಬಣ್ಣ ಆರಿದ ಮೇಲೆ ಹಾಗೆಯೇ ನಿಲ್ಲುವುದಿಲ್ಲ. ಅದಕ್ಕೇ ಪ್ರತಿ ಸಲವೂ ಒಂದು ತೊಟ್ಟನ್ನು ಹಲಗೆಯ ತುಂಡಿಗೆ ಬಿಟ್ಟು, ಆರುವವರೆಗೆ ಇಬ್ಬರೂ ಕಾದರು. ಇನ್ನೂ ಬಿಳುಪು. ಮತ್ತೊಂದು ಬೆರಳು ಕಾಡಿಗೆ. ಈಗ ಕಪ್ಪಿದೆ, ಜೀವವಿಲ್ಲ. ಕಾವಿ ಬಿತ್ತು. ಕಾವಿ ಹೆಚ್ಚಾಯಿತು, ಚೂರು ಹಳದಿ ಬಿತ್ತು. ಒಂಬತ್ತನೆಯ ತೊಟ್ಟು ಆರಿದಾಗ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಸಾಕಣ್ಣ, ಬಂದಳು” ಎಂದಳು.

ಕತೆ ಅಲ್ಲಿಗೆ ನಿಲ್ಲಿಸಿ ಗುರುಗಳು ಶಿಷ್ಯನತ್ತ ತಿರುಗಿ ಕೇಳಿದರು: “ಸಿಟ್ಟು ಬಂದಾಗ ನಿನ್ನ ಅಣ್ಣ ನಿನ್ನನ್ನು ಏನೆಂದು ಬೈಯುತ್ತಿದ್ದ?”